ಖಾಲಿ ಚೌಕ

ಕೂತುಕೋ. ಆ ಬಕೆಟ್ಟು ಬೋರಲು ಹಾಕಿದರೆ ಅದೇ ಕುರ್ಚಿ.
ಅಸುನ್ಸಿಯೋನಿನಿಂದ ಬಸ್ಸಿನಲ್ಲಿ ಆರು ತಾಸು ಕುಲುಕಾಡಿ ಬಂದೆಯಾ,
ಹಳೆಯ ದರ ಕೇಳುವುದಕ್ಕೆ?
ಇಂದಿನ ದರಕ್ಕೇ ಇಲ್ಲಿ ಯಾರೂ ನಿಲ್ಲುವುದಿಲ್ಲ ಮಗಾ.
ನಡೆಯುತ್ತಲೇ ನನ್ನ ಹಲಗೆಯತ್ತ ಕಣ್ಣು ಹಾಯಿಸುತ್ತಾರೆ,
ತುಟಿಯಲ್ಲೇ ಭಾಗಿಸಿಕೊಂಡು ಮುಂದೆ ಹೋಗುತ್ತಾರೆ.

ತೋರಿಸು ಪಟ್ಟಿ.
ಅಬ್ಬಾ, ಎಷ್ಟು ನೇರ ಗೆರೆ. ವಾರಕ್ಕೊಂದು ಚೌಕ.
ಆಚೆ ದಡದ ಒಂದು ಪೆಸೊಗೆ
ಈಚೆ ದಡದ ಗ್ವಾರಾನಿ ಎಷ್ಟು.
ನಮ್ಮ ದುಡ್ಡಿಗೆ ನಮ್ಮ ನುಡಿಯದೇ ಹೆಸರು, ನೋಡು.
ಬೈಯುವುದು ಗ್ವಾರಾನಿಯಲ್ಲಿ, ಎಣಿಸುವುದು ಮಾತ್ರ ಸ್ಪ್ಯಾನಿಷಿನಲ್ಲಿ;
ನಾಲ್ಕರಾಚೆ ನಮ್ಮಜ್ಜಿಗೂ ಹೆಸರು ಬರುತ್ತಿರಲಿಲ್ಲ.
ನಾಲ್ಕರಾಚೆ ಇರುವುದೆಲ್ಲ "ಬಹಳ".

ಎರಡು ಸಾವಿರದ ಇಸವಿ, ಮೂರೂವರೆ ಸಾವಿರ. ಸರಿ.
ಆಗ ಪೊಸಾದಾಸಿನವರೆಲ್ಲ ಇತ್ತ ಬರುತ್ತಿದ್ದರು,
ಟಯರು, ಗಡಿಯಾರ, ಕಂಬಳಿ ಹೊತ್ತು ಮರಳುತ್ತಿದ್ದರು.
ಆಮೇಲೆ ನಾವು ಅತ್ತ ಹೋದೆವು, ಹಿಟ್ಟಿಗೆ, ಎಣ್ಣೆಗೆ,
ಲಂಗದೊಳಗೆ ಕಟ್ಟಿಕೊಂಡ ಮಾಂಸಕ್ಕೆ.
ಆಮೇಲೆ ಮತ್ತೆ ಅವರು. ಈಗ ಮತ್ತೆ ನಾವು.
ಸೇತುವೆ ಅದೇ ಸೇತುವೆ;
ಅದರ ತಲೆ ಯಾವ ಕಡೆ, ಬಾಲ ಯಾವ ಕಡೆ
ಬೆಳಿಗ್ಗೆ ಏಳಕ್ಕೆ ಈ ಹಲಗೆ ಹೇಳುತ್ತದೆ.

ಹನ್ನೊಂದರಲ್ಲಿ ಸಾವಿರ, ಹದಿನೈದರಲ್ಲಿ ನಾನೂರು,
ಇಪ್ಪತ್ಮೂರರಲ್ಲಿ ಹತ್ತು, ಈಗ ಐದು.
ದರ ಇಳಿದದ್ದೆಲ್ಲ ಬರೆದಿದ್ದೀ.
ನೀರು ಏರಿದ್ದು ಎಲ್ಲಿದೆ?
ಅಣೆಕಟ್ಟಿನವರು ಗೋಡೆ ಗೋಡೆಗೂ ಅಂಕಿ ಬರೆದು ಹೋದರು,
ಕೆಳಪೇಟೆ ಇಡಿಯಾಗಿ ಪರಾನಾ ನದಿಯೊಳಗೆ ಇಳಿಯಿತು.
ಹತ್ತೊಂಬತ್ತು ವರ್ಷ ನಾನು ಕೂತ ಮೂಲೆಯಲ್ಲಿ
ಈಗ ಮೀನು ಕೂತಿದೆ,
ಯಾರಿಗೆ ಏನು ಬದಲಿಸಿಕೊಡುತ್ತದೋ.

ಇದೇನು, ಇಲ್ಲೊಂದು ಖಾಲಿ?

ಓ.
ಎರಡರ ಜನವರಿ.
ಆಚೆ ಬ್ಯಾಂಕಿನ ಬಾಗಿಲು ಹಾಕಿತ್ತು, ಸರಕಾರಗಳು ಬಿದ್ದಿದ್ದವು,
ಪೆಸೊ ಎಂದರೆ ಎಷ್ಟು ಎಂದು ದೇವರಿಗೂ ಗೊತ್ತಿರಲಿಲ್ಲ.
ಪೇಟೆಯ ಹಲಗೆಗಳೆಲ್ಲ ಬೋರಲು.
ನನ್ನದೊಂದು ಬಿಟ್ಟು.
ಸಾವಿರದ ಎಂಟುನೂರು ಎಂದು ಸುಣ್ಣದಕಡ್ಡಿಯಲ್ಲಿ ಬರೆದೆ.
ಮಧ್ಯಾಹ್ನದೊಳಗೆ ಬೀದಿ ತುಂಬ ಅದೇ ಅಂಕಿ ನಿಂತಿತು.
ಅವತ್ತೊಂದು ದಿನ ಕೇಂದ್ರ ಬ್ಯಾಂಕು ಅಂದರೆ
ಸಿನ್ಫೋರಿಯಾನಾ ಗೊಡೋಯ್, ಹರಿದ ಚಪ್ಪಲಿ, ಹಲ್ಲುನೋವು.

ಎಲ್ಲಿಂದ ಬಂತು ಆ ಅಂಕಿ?
ಹಿಟ್ಟಿನ ಬೆಲೆಯಿಂದ ಎಂದು ಎಲ್ಲರಿಗೂ ಹೇಳಿದ್ದೇನೆ.
ಹಿಟ್ಟಿನ ಲೆಕ್ಕಕ್ಕೆ ಬಂದದ್ದು ಎರಡೂವರೆ ಸಾವಿರ.
ಮಿಕ್ಕದ್ದು ನನ್ನ ಭಯದ ಕೂಲಿ.

ಗ್ರಿಸೆಲ್ಡಾ ಕೊವಾಲ್ಚುಕ್ ಬಂದಳು, ದರ್ಜಿ, ಮೈಯೆಲ್ಲ ಗಂಜಿಯ ವಾಸನೆ.
ಇನ್ನೂರು ಪೆಸೊ, ಇಸ್ತ್ರಿ ಮಾಡಿದ ಹಾಗೆ.
ಕೊಟ್ಟಳು. ಎಣಿಸಿದೆ. ಹೋದಳು.
ಮುಂದಿನ ವಾರ ಬಾಗಿಲು ತೆರೆಯಿತು: ಎರಡೂವರೆ ಸಾವಿರ.

ಒಂದು ಲಕ್ಷ ನಲವತ್ತು ಸಾವಿರ ಗ್ವಾರಾನಿ ನನ್ನಲ್ಲೇ ಉಳಿಯಿತು.
ನೀನು ಓದಿದವನು, ಹೇಳು, ಯಾವ ದಿನದ ದರಕ್ಕೆ ತೀರಿಸಲಿ?
ಅಂದಿನದಕ್ಕಾದರೆ ಐವತ್ತಾರು ಪೆಸೊ,
ಇವತ್ತು ಅಷ್ಟಕ್ಕೆ ಒಂದು ಮಿಠಾಯಿ ಬಾರದು.
ಇಂದಿನದಕ್ಕಾದರೆ ಇಪ್ಪತ್ತೆಂಟು ಸಾವಿರ.
ನಾಳೆಗೆ ಕಾದರೆ ಇನ್ನೂ ಹೆಚ್ಚು.
ಅವಳ ದುಡ್ಡು ಸಾಯುತ್ತ ಹೋದಂತೆ ನನ್ನ ಸಾಲ ಬೆಳೆಯುತ್ತ ಹೋಗುತ್ತದೆ.

ಈಗಲೂ ಬರುತ್ತಾಳೆ. ನನ್ನ ಹತ್ತಿರವೇ.
"ಆವತ್ತು ನೀನೊಬ್ಬಳೇ ಹಲಗೆ ಎತ್ತಿದ್ದೆ" ಎನ್ನುತ್ತಾಳೆ.
ಪ್ರತಿ ಸಲ ಒಂದು ನೋಟು ಹೆಚ್ಚಿಗೆ ಸೇರಿಸಿ ಕೊಡುತ್ತೇನೆ;
ನಿಂತಲ್ಲೇ ಎಣಿಸಿ, ಲೆಕ್ಕ ತಪ್ಪಿದೆ ಕಣೇ ಎಂದು
ವಾಪಸು ಇಟ್ಟು ಹೋಗುತ್ತಾಳೆ.

ಬರಿ, ಸಾವಿರದ ಎಂಟುನೂರು.
ಪೆನ್ನು ಬೇಡ, ಪೆನ್ಸಿಲ್ಲು ತಗೋ.
ತಡಿ, ಗಿರಾಕಿ.